ಅತ್ತೆಯ ಕಂಪ್ಯೂಟರಿಗೆ ಒಂದು ದನಿ

ನೀರು ಸರಬರಾಜು ಕಚೇರಿಯಲ್ಲಿ ಅವನನ್ನು ಎಲ್ಲರೂ ಕೇಬಲ್ ಎಂದೇ ಕರೆಯುತ್ತಿದ್ದರು. ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಹೆಗಲ ಮೇಲೆ ಯಾವಾಗಲೂ ಒಂದು ಸುರುಳಿ ತಂತಿ ನೇತಾಡುತ್ತಿರುತ್ತಿತ್ತು. ಹೆಸರಿಟ್ಟವರು ಬಿಲ್ ವಿಭಾಗದ ಯಾರೋ. 'ನಮ್ಮ ಕೇಬಲ್‌ನಲ್ಲಿ ಎಲ್ಲಾ ಹರಿಯುತ್ತೆ, ಮಾತೊಂದು ಬಿಟ್ಟು' ಎಂದು ಅವರು ಅಂದದ್ದು ಇಡೀ ಕಚೇರಿ ಸುತ್ತಿ ಕೊನೆಗೆ ಅವನ ಕಿವಿಗೂ ಬಿದ್ದಿತ್ತು. ಅವನೇನೂ ಬೇಸರ ಮಾಡಿಕೊಳ್ಳಲಿಲ್ಲ. ಸುಳ್ಳೇನಲ್ಲವಲ್ಲ.

ವಾಸ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಒಂದರಲ್ಲಿ ಹಾಸಿಗೆ ಮತ್ತು ಒಲೆ, ಇನ್ನೊಂದರಲ್ಲಿ ಹೊಟ್ಟೆ ಬಗೆದಿಟ್ಟ ಕಂಪ್ಯೂಟರುಗಳು. ಹೆಂಡತಿ ಇದ್ದ ಕಾಲದಲ್ಲಿ ಆ ಎರಡನೆಯ ಕೋಣೆಯಲ್ಲಿ ಕುರ್ಚಿಗಳಿದ್ದವು, ಕಿಟಕಿಗೆ ಪರದೆಯಿತ್ತು. ಅವಳು ಜಗಳವಾಡಿ ಹೋದವಳಲ್ಲ. ಜಗಳವಾಡುವುದಕ್ಕಾದರೂ ಎದುರಿನವರು ಬಾಯಿ ಬಿಡಬೇಕಲ್ಲ. "ನಿಮ್ಮ ಹತ್ರ ಮಾತಾಡೋದು ಖಾಲಿ ಕೋಣೇಲಿ ಮಾತಾಡಿದ ಹಾಗೆ. ಖಾಲಿ ಕೋಣೆ ಆದ್ರೂ ವಾಪಸ್ ಸದ್ದು ಮಾಡುತ್ತೆ" ಎಂದಿದ್ದಳು, ಕೋಪವಿಲ್ಲದ ದನಿಯಲ್ಲಿ. ಆಮೇಲೆ ಇಬ್ಬರೂ ಬೇಕಾದಲ್ಲೆಲ್ಲ ಸಹಿ ಹಾಕಿದರು. ಅವಳು ಬೇರೊಂದು ನಗರಕ್ಕೆ ಹೋಗಿ ಬೇರೆ ಮದುವೆ ಮಾಡಿಕೊಂಡ ಸುದ್ದಿ ಅವನಿಗೆ ಯಾರಿಂದಲೋ ತಿಳಿಯಿತು. ಅವತ್ತು ಅವನು ಎಂದಿನಂತೆ ಉಂಡು, ಪಾತ್ರೆ ತೊಳೆದು, ಕಿಟಕಿಯ ಪರದೆಯನ್ನು ಬಿಚ್ಚಿ ಮಡಿಸಿ ಕಪಾಟಿನ ಮೇಲಿಟ್ಟ. ಅಷ್ಟೇ.

ಹೀಗಿರುವಾಗ ಒಂದು ದಿನ ಮಧ್ಯಾಹ್ನ ಅವನ ಫೋನಿಗೆ ಹೆಂಡತಿಯ ತಾಯಿಯ ಕರೆ ಬಂತು. ಮದುವೆ ಮುರಿದ ಮೇಲೆ ಆ ಮನೆಯಿಂದ ಬಂದ ಮೊದಲ ಕರೆ ಅದು. ಗಾಳಿಯ ಸದ್ದು, ನಡುನಡುವೆ ಕಡಿದು ಹೋಗುವ ಮಾತು. ಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲವೆಂದು ಬಸ್ ನಿಲ್ದಾಣದ ತನಕ ನಡೆದು ಬಂದು ಮಾತಾಡುತ್ತಿದ್ದೇನೆ ಎಂದರು. ಕಣ್ಣಿನ ವಿಷಯ. ನೋಟದ ನಡುಭಾಗ ಸವೆದು ಹೋಗಿದೆಯಂತೆ, ವೈದ್ಯರು ಇನ್ನು ಸರಿಹೋಗುವುದಿಲ್ಲ ಎಂದಿದ್ದಾರಂತೆ. ಅಂಚಿನಲ್ಲಿರುವುದು ಕಾಣುತ್ತದೆ, ನೇರ ನೋಡಿದರೆ ಅಲ್ಲೊಂದು ಬೂದು ಕಲೆ. ಕಂಪ್ಯೂಟರೇ ಅಕ್ಷರಗಳನ್ನು ಓದಿ ಹೇಳುವ ಹಾಗೆ ಮಾಡಬಹುದು ಎಂದು ರೇಡಿಯೋದಲ್ಲಿ ಕೇಳಿದರಂತೆ.

"ನಿಮಗೆ ಗೊತ್ತಿರುತ್ತೆ ಅಂತ ಕೇಳ್ದೆ. ತೊಂದರೆ ಆಗೋದಾದ್ರೆ ಖಂಡಿತ ಬೇಡ" ಎಂದರು.

"ಭಾನುವಾರ ಬರ್ತೀನಿ ಅತ್ತೆ" ಎಂದ ಅವನು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಅತ್ತೆ ಎನ್ನಬಹುದೇ ಈಗ? ಬೇರೆ ಏನೆನ್ನುವುದು? "ಬನ್ನಿ" ಎಂದರು ಅತ್ತೆ. ಹಿಂದೆಲ್ಲ ಅವನನ್ನು ಬಾಯಿತುಂಬ ಅಳಿಯಂದಿರೇ ಎನ್ನುತ್ತಿದ್ದವರು ಅವತ್ತು ಯಾವ ಹೆಸರಿನಿಂದಲೂ ಕರೆಯದೆ ಮಾತು ಮುಗಿಸಿದರು.

ಅತ್ತೆ ಬದುಕಿಡೀ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಅಚ್ಚಿಗೆ ಹೋಗುವ ಮುಂಚೆ ಪ್ರತಿ ಪುಟವನ್ನೂ ಕೂದಲು ಸೀಳಿದಂತೆ ನೋಡಿ ತಪ್ಪು ಹೆಕ್ಕುವ ಕೆಲಸ. ಮುದ್ರಣಾಲಯ ಮುಚ್ಚಿದಾಗ ಅಲ್ಲಿನ ಹಳೆಯ ಕಂಪ್ಯೂಟರುಗಳನ್ನು ಕೆಲಸಗಾರರಿಗೇ ಹಂಚಿದ್ದರು. ಅತ್ತೆಯ ಪಾಲಿಗೆ ಬಂದದ್ದರಲ್ಲಿ ಅವರು ತಿದ್ದಿದ ಪುಸ್ತಕಗಳೆಲ್ಲ ಹಾಗೇ ಉಳಿದಿದ್ದವು. ಅದನ್ನು ನಡೆಸುತ್ತಿದ್ದ ಮೂಲ ತಂತ್ರಾಂಶ ಲಿನಕ್ಸ್. ಅದು ಕೇಬಲ್‌ಗೆ ನೀರು ಕುಡಿದಷ್ಟು ಸುಲಭದ ವಿಷಯ. ಲಿನಕ್ಸ್‌ನಲ್ಲಿ ತಂತ್ರಾಂಶಗಳು ಪ್ಯಾಕೇಜ್ ಎಂಬ ಕಟ್ಟುಗಳಾಗಿ ಬರುತ್ತವೆ. ಇಂಟರ್ನೆಟ್ ಇದ್ದರೆ ಒಂದು ಸಾಲು ಬರೆದರಾಯಿತು, ಬೇಕಾದ ಕಟ್ಟುಗಳೆಲ್ಲ ತಾವಾಗಿಯೇ ಇಳಿದು ಬಂದು ಕೂರುತ್ತವೆ. ಅತ್ತೆಯ ಮನೆಯಲ್ಲಿ ಫೋನೇ ಸರಿಯಾಗಿ ಸಿಗದು, ಇಂಟರ್ನೆಟ್ಟಿನ ಮಾತು ದೂರವೇ ಉಳಿಯಿತು. ಆದರೆ ಹೀಗೆ ಇಳಿದು ಬಂದ ಕಟ್ಟುಗಳ ಒಂದು ಪ್ರತಿಯನ್ನು ಕಂಪ್ಯೂಟರ್ ತನ್ನಲ್ಲೇ ಒಂದು ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತದೆ, ಯಾರಾದರೂ ಗುಡಿಸಿ ಹಾಕುವ ತನಕ. ಆ ಫೋಲ್ಡರನ್ನು ಪೆನ್‌ಡ್ರೈವಿಗೆ ತುಂಬಿಕೊಂಡು ಹೋದರೆ ಇನ್ನೊಂದು ಕಂಪ್ಯೂಟರಿಗೂ ಅದೇ ಸಾಕು.

ಹಾಗಂದುಕೊಂಡೇ ಅವನು ಓದುವ ತಂತ್ರಾಂಶವನ್ನೂ ಅದಕ್ಕೆ ಬೇಕಾದ ದನಿಯನ್ನೂ ತನ್ನ ಮನೆಯ ಕಂಪ್ಯೂಟರಿಗೆ ಇಳಿಸಿಕೊಂಡು, ಆ ಕಟ್ಟುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿ, ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದ.

ಅತ್ತೆ ಇದ್ದದ್ದು ಕೆಲಸ ನಿಂತುಹೋದ ಒಂದು ಕಲ್ಲುಗಣಿಯ ಅಂಚಿನ ಸಾಲುಮನೆಗಳಲ್ಲಿ. ಗಣಿ ನಿಂತು ಎಷ್ಟೋ ಕಾಲವಾದರೂ ಅಲ್ಲಿನ ಬಾಗಿಲು, ಬೇಲಿ, ಒಣಗಲು ಹಾಕಿದ ಬಟ್ಟೆ, ಎಲ್ಲದರ ಮೇಲೂ ತೆಳ್ಳಗೆ ಬಿಳಿ ಧೂಳು ಕೂತೇ ಇರುತ್ತಿತ್ತು. ಬಾಗಿಲು ತೆರೆದ ಅತ್ತೆ ಅವನ ಮುಖ ನೋಡಲು ತಲೆಯನ್ನು ಪಕ್ಕಕ್ಕೆ ವಾಲಿಸಿದರು, ಹಕ್ಕಿ ನೋಡುವ ಹಾಗೆ. "ಇಳಿದು ಹೋಗಿದೀರಿ" ಎಂದರು. ಅವನು ಹೂಂಗುಟ್ಟಿದ. ಮಗಳ ಮಾತನ್ನು ಇಬ್ಬರೂ ಎತ್ತಲಿಲ್ಲ.

ಕಂಪ್ಯೂಟರ್ ಕಿಟಕಿಯ ಪಕ್ಕದ ಮೇಜಿನ ಮೇಲಿತ್ತು, ಮೇಲೆ ಒಗೆದ ಬಟ್ಟೆಯ ಮುಸುಕು. ಅವನು ಕೂತು ಕೀಲಿ ಒತ್ತಲು ತೊಡಗಿದಾಗ ಅತ್ತೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಏನು ಬರೆಯುತ್ತಿದ್ದೀರೋ ಅದನ್ನು ಬಾಯಿಬಿಟ್ಟು ಹೇಳಿ ಎಂದರು. ಮುದ್ರಣಾಲಯದಲ್ಲಿ ಹಾಗೆಯೇ ಅಂತೆ: ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಕರಡಿನ ಮೇಲೆ ಕಣ್ಣಿಟ್ಟು ತಾಳೆ ನೋಡುವುದು. ಅವನು ಅಕ್ಷರ, ಚುಕ್ಕೆ, ಅಡ್ಡಗೆರೆ ಎಲ್ಲವನ್ನೂ ಹೇಳುತ್ತಾ ಹೋದ. ಕೊನೆಯ ಸಾಲು ಬರೆದು ಒತ್ತಿದ. ಕಂಪ್ಯೂಟರ್ ಇಲ್ಲ ಎಂದಿತು. ಈ ಕಟ್ಟು ಕೂರಬೇಕಾದರೆ ಇನ್ನೊಂದು ಕಟ್ಟು ಬೇಕು, ಅದಿಲ್ಲಿಲ್ಲ. ಆ ಇನ್ನೊಂದಕ್ಕೆ ಮತ್ತೊಂದು ಬೇಕು, ಅದೂ ಇಲ್ಲ.

ತಪ್ಪು ಎಲ್ಲಾಗಿದೆಯೆಂದು ಅವನಿಗೆ ಆ ಕ್ಷಣವೇ ಹೊಳೆಯಿತು. ಅವನ ಮನೆಯ ಕಂಪ್ಯೂಟರಿನಲ್ಲಿ ಆ ಇತರ ಕಟ್ಟುಗಳು ಮೊದಲಿನಿಂದಲೂ ಇದ್ದವು. ಇದ್ದದ್ದನ್ನು ಅದು ಮತ್ತೇಕೆ ಇಳಿಸಿಕೊಳ್ಳುತ್ತದೆ? ಹೊಸದಾಗಿ ಇಳಿದದ್ದು ಮಾತ್ರ ಫೋಲ್ಡರಿಗೆ ಬಂದಿತ್ತು. ಅವನು ಇದನ್ನು ಅತ್ತೆಗೆ ಬಿಡಿಸಿ ಹೇಳಿದ. ಅವರು ನಕ್ಕರು.

"ಇವು ನಮ್ಮ ಬೀಗರ ಥರಾನೇ. ಒಬ್ಬರನ್ನ ಕರೆದ್ರೆ, ಅವರನ್ನ ಕರೆದ್ರಾ ಇವರನ್ನ ಕರೆದ್ರಾ ಅಂತಾರೆ. ಎಲ್ಲರನ್ನೂ ಕರೆಯೋ ತನಕ ಒಬ್ಬರೂ ಹೊರಡಲ್ಲ."

ಬೀಗರು ಎಂಬ ಮಾತು ಬಾಯಿಂದ ಬಿದ್ದ ಮೇಲೆ ಅತ್ತೆ ಒಂದು ಗಳಿಗೆ ತಡವರಿಸಿದರು. ಅವನು ನಗಬೇಕೋ ಬೇಡವೋ ತಿಳಿಯದೆ ಪರದೆಯನ್ನೇ ನೋಡುತ್ತಾ ಕೂತ.

ಹಿಂತಿರುಗುವ ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಚಹಾ ಆಯಿತು. ಆಮೇಲೆ ಅತ್ತೆ, ಹೇಗೂ ಕೂತಿದ್ದೀರಿ, ಇದರಲ್ಲಿರುವ ಯಾವುದಾದರೂ ಪುಸ್ತಕವನ್ನು ಒಂದೆರಡು ಪುಟ ಓದಿ ಎಂದರು. ಶಾಲೆ ಬಿಟ್ಟ ಮೇಲೆ ಅವನು ಯಾವುದನ್ನೂ ಗಟ್ಟಿಯಾಗಿ ಓದಿದವನಲ್ಲ. ಆದರೂ ಒಂದು ಕಾದಂಬರಿ ತೆರೆದು ಶುರು ಮಾಡಿದ, ನೀರಿನ ಬಿಲ್ಲು ಓದಿದ ಹಾಗೆ.

"ಅಲ್ಲಿ ಪೂರ್ಣವಿರಾಮ ಇದೆ. ಉಸಿರು ತಗೊಳ್ಳಿ" ಎಂದರು ಅತ್ತೆ. ಪುಟದಲ್ಲಿ ನಿಜವಾಗಿಯೂ ಪೂರ್ಣವಿರಾಮವಿತ್ತು. ಅವರು ಆ ಪುಸ್ತಕವನ್ನು ಯಾವ ಕಾಲದಲ್ಲೋ ತಿದ್ದಿದ್ದರು. "ನಾನು ಇವನ್ನೆಲ್ಲಾ ತಪ್ಪು ಹುಡುಕ್ತಾ ಓದಿದ್ದು. ಕತೆ ಏನು ಅಂತ ಕೇಳಿದ್ರೆ ಒಂದೂ ಗೊತ್ತಿಲ್ಲ. ರಿಟೈರ್ ಆದ್ಮೇಲೆ ಕತೆಗೋಸ್ಕರ ಓದೋಣ ಅಂತ ಇಟ್ಕೊಂಡಿದ್ದೆ. ಅಷ್ಟರಲ್ಲಿ ಕಣ್ಣು ಕೈಕೊಡ್ತು."

ಸಾಯಂಕಾಲದ ಬಸ್ಸು ಹಿಡಿದು ಮನೆಗೆ ಬಂದಾಗ ಅವನ ಗಂಟಲು ಕಟ್ಟಿತ್ತು. ಅದೊಂಥರ ಹಿತವಾದ ನೋವು, ಬಹಳ ದಿನ ನಡೆಯದ ಕಾಲಿಗೆ ನಡೆದ ಮೇಲೆ ಬರುವಂಥದು.

ಮುಂದಿನ ಭಾನುವಾರ ಬಿಟ್ಟುಹೋದ ಕಟ್ಟುಗಳನ್ನೆಲ್ಲ ಹೆಸರು ಹಿಡಿದು ಇಳಿಸಿಕೊಂಡು ಹೋದ. ಆಗಲೂ ಆಗಲಿಲ್ಲ. ಅವನ ಕಂಪ್ಯೂಟರಿನ ಲಿನಕ್ಸ್ ಹೊಸ ತಲೆಮಾರಿನದು, ಅತ್ತೆಯದು ಹಳೆಯದು. ಹೊಸದರ ಕಟ್ಟುಗಳು ಹಳೆಯ ತಳಪಾಯದ ಮೇಲೆ ನಿಲ್ಲಲು ಒಪ್ಪಲಿಲ್ಲ. ಮತ್ತೆ ಚಹಾ, ಮತ್ತೆ ಕಾದಂಬರಿ. ಈ ಸಲ ಅವನು ಪೂರ್ಣವಿರಾಮಕ್ಕೆ ನಿಂತ. ಕತೆಯಲ್ಲಿ ಒಬ್ಬ ಮುದುಕ ಹೆಂಡತಿಯನ್ನು ಬೈಯುವ ಜಾಗ ಬಂದಾಗ ತನಗೇ ತಿಳಿಯದಂತೆ ದನಿ ಏರಿಸಿದ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೆಲಸ ಬೇಗ ಮುಗಿಸುವ ದಾರಿ ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಂಪ್ಯೂಟರಿನ ಪೆಟ್ಟಿಗೆಯನ್ನೇ ಚೀಲದಲ್ಲಿ ಹಾಕಿಕೊಂಡು ಇಂಟರ್ನೆಟ್ ಇರುವ ತನ್ನ ಮನೆಗೆ ಒಯ್ದಿದ್ದರೆ ಕೆಲಸ ಒಂದು ಸಂಜೆಯದು. ಅದನ್ನು ಅವನು ಬಾಯಿಬಿಡಲಿಲ್ಲ. ಎರಡನೆಯ ಸಲ ಹೋಗಿ ಹಿಂತಿರುಗಿದ ವಾರ, ಮನೆಯಲ್ಲಿ ಬಿದ್ದಿದ್ದ ಹಳೆಯ ಯಂತ್ರವೊಂದಕ್ಕೆ ಅತ್ತೆಯದೇ ತಲೆಮಾರಿನ ಲಿನಕ್ಸ್ ಹಾಕಿ, ಅದರಿಂದ ಎಲ್ಲ ಕಟ್ಟುಗಳನ್ನೂ ಇಳಿಸಿ, ಹಾಗೆ ತುಂಬಿದ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಂಡ. ಈ ಸಲ ಒಂದೂ ತಪ್ಪುವಂತಿರಲಿಲ್ಲ. ಭಾನುವಾರ ಅದನ್ನು ಜೇಬಿನಲ್ಲಿಟ್ಟುಕೊಂಡೇ ಬಸ್ಸು ಹತ್ತಿದ.

ಅತ್ತೆ ಬಾಗಿಲಲ್ಲೇ ಕೇಳಿದರು, ಇವತ್ತಾದರೂ ಬೀಗರೆಲ್ಲ ಬಂದಿದ್ದಾರಾ ಎಂದು. ಇನ್ನೂ ಒಂದು ಕಟ್ಟು ಸಿಕ್ಕಿಲ್ಲ ಎಂಬ ಮಾತು ಅವನ ಬಾಯಿಂದ ಹೊರಟುಹೋಯಿತು. ಯೋಚಿಸಿ ಆಡಿದ್ದಲ್ಲ. ಆಡಿದ ಮೇಲೆ ಹಿಂತೆಗೆದುಕೊಳ್ಳಲೂ ಇಲ್ಲ. ಹುಡುಕುವವನಂತೆ ಸ್ವಲ್ಪ ಹೊತ್ತು ಕೀಲಿಗಳ ಮೇಲೆ ಕೈಯಾಡಿಸಿ, ಕಾದಂಬರಿ ತೆರೆದ.

ಹೀಗೇ ಒಂದು ತಿಂಗಳು ಕಳೆಯಿತು. ಕಚೇರಿಯಲ್ಲಿ ಬಿಲ್ ವಿಭಾಗದವರು, ಏನು ಕೇಬಲ್, ಈಚೆಗೆ ಸ್ವಲ್ಪ ಕರೆಂಟು ಹರೀತಾ ಇದೆಯಲ್ಲ ಎಂದು ಛೇಡಿಸಿದರು. ಅವನು ಬಸ್ಸಿನಲ್ಲಿ ಹಿಂದಿನ ವಾರ ಓದಿದ ಮಾತುಗಳನ್ನು ತುಟಿಯಲ್ಲೇ ಮತ್ತೆ ಹೇಳಿ ನೋಡಿಕೊಳ್ಳುತ್ತಿದ್ದ. ಯಾವ ಪಾತ್ರಕ್ಕೆ ಯಾವ ದನಿ ಎಂದು ಮೊದಲೇ ಎಣಿಸಿಟ್ಟುಕೊಳ್ಳುತ್ತಿದ್ದ. ಒಂದು ಸಲ ಅತ್ತೆ, ಮಗಳಿಗೆ ಫೋನಿನಲ್ಲಿ ಹೇಳಿದೆ, ನೀವು ಬಂದು ನನಗೆ ಓದಿ ಹೇಳುತ್ತೀರಿ ಅಂತ, ಅವಳು ನಂಬಲೇ ಇಲ್ಲ ಎಂದರು. ಆ ದಿನ ಒಂದು ಅಧ್ಯಾಯ ಹೆಚ್ಚಿಗೆ ಓದಿದ.

ಪೆನ್‌ಡ್ರೈವ್ ಜೇಬಿನಲ್ಲೇ ಇತ್ತು. ಕೂತಾಗ ತೊಡೆಗೆ ಒತ್ತುತ್ತಿತ್ತು.

ಮತ್ತೊಂದು ಭಾನುವಾರ ಅವನು ಹೋದಾಗ ಬಾಗಿಲು ತೆರೆದೇ ಇತ್ತು. ಅತ್ತೆ ಕಿಟಕಿಯ ಪಕ್ಕ, ಮುಸುಕು ಹಾಕಿದ ಕಂಪ್ಯೂಟರಿನ ಎದುರು ಕೂತಿದ್ದರು. ಎಷ್ಟು ಹೊತ್ತಿನಿಂದ ಹಾಗೆ ಕೂತಿದ್ದರೋ, ಚಹಾ ಆರಿ ಮೇಲೆ ಕೆನೆ ಕಟ್ಟಿತ್ತು. ಅವನ ಹೆಜ್ಜೆ ಸದ್ದಿಗೆ ತಿರುಗಿದರು.

"ನಿನ್ನೆ ರೇಡಿಯೋನೂ ಕೆಟ್ಟು ಕೂತ್ಕೊಳ್ತು. ಭಾನುವಾರ ಅನ್ನೋದು ಒಂದೇ ದಿನ ಅಲ್ವಾ ಇರೋದು. ಉಳಿದ ದಿನ ಗೋಡೆ ನೋಡ್ಕೊಂಡು ಕೂತಿರ್ತೀನಿ. ಅದೂ ಮಧ್ಯದಲ್ಲಿ ಕಾಣಲ್ಲ."

ದೂರುವ ದನಿಯಲ್ಲ. ನಗುತ್ತಲೇ ಹೇಳಿದರು. ಅವನು ನಿಂತಲ್ಲೇ ನಿಂತ. ತನ್ನ ಮೇಲ್ಮಹಡಿಯ ಕೋಣೆಗಳು, ಸೋಮವಾರ ಮಂಗಳವಾರಗಳು, ಕೆಳಗಿನ ಅಂಗಡಿಯವನು ಷಟರ್ ಎಳೆದ ಮೇಲೆ ಕವಿಯುವ ಮೌನ, ಎಲ್ಲವೂ ಒಮ್ಮೆಗೇ ಕಣ್ಣ ಮುಂದೆ ಬಂದವು. ಅಂಥದೇ ದಿನಗಳು ಇವರಿಗೂ ಇವೆಯೆಂದು ಇಷ್ಟು ವಾರ ಅವನಿಗೆ ಹೊಳೆದಿರಲಿಲ್ಲ. ಅವರಿಗೆ ಇರುವುದು ಭಾನುವಾರಗಳು ಮಾತ್ರ ಎಂಬಂತೆ ನಡೆದುಕೊಂಡಿದ್ದ.

ಮುಸುಕು ತೆಗೆದು, ಪೆನ್‌ಡ್ರೈವ್ ಚುಚ್ಚಿದ. ಅತ್ತೆ ಅಭ್ಯಾಸದಂತೆ, ಏನು ಬರೀತಿದೀರಿ ಹೇಳಿ ಎಂದರು. ಹೇಳಿದ. ಕಟ್ಟುಗಳು ಒಂದರ ಹಿಂದೊಂದು ಸರಸರನೆ ಕೂತವು. ಎಲ್ಲಿಯೂ ತಕರಾರಿಲ್ಲ. ಸ್ಪೀಕರಿನಿಂದ ಒಂದು ದನಿ ಹೊರಟಿತು. ಮೂಗಿನಲ್ಲಿ ಮಾತಾಡುವ, ಗಂಡೋ ಹೆಣ್ಣೋ ಹೇಳಲಾಗದ ದನಿ. ಕಾದಂಬರಿ ನಿಂತಿದ್ದ ಪುಟವನ್ನು ಅದು ಗಡಗಡ ಓದಿತು. ಅತ್ತೆಯ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು.

"ಪೂರ್ಣವಿರಾಮಕ್ಕೆ ನಿಲ್ಲುತ್ತೆ" ಎಂದರು, ಪಿಸುದನಿಯಲ್ಲಿ.

ಅವರ ಮುಖ ಅರಳಿದ್ದನ್ನು ಕಂಡ ಮೇಲೆ ಸುಮ್ಮನಿರುವುದು ಅವನಿಂದ ಆಗಲಿಲ್ಲ. ಸುಮ್ಮನಿರುವುದರಲ್ಲಿ ಅವನನ್ನು ಮೀರಿಸುವವರೇ ಇರಲಿಲ್ಲ, ಆದರೂ ಆಗಲಿಲ್ಲ.

"ಇದು ಹೋದ ತಿಂಗಳೇ ರೆಡಿ ಇತ್ತು ಅತ್ತೆ. ಜೇಬಲ್ಲೇ ಇತ್ತು. ನಾನೇ ಹಾಕ್ಲಿಲ್ಲ."

ಅತ್ತೆ ಕೈ ಚಾಚಿ, ತಡಕಾಡಿ, ಸ್ಪೀಕರಿನ ಗುಂಡಿ ತಿರುಗಿಸಿ ದನಿ ಅಡಗಿಸಿದರು.

"ನಿಮಗೆ ಬರಬೇಕು ಅನ್ನಿಸಿದ್ರೆ ಬರ್ತೀನಿ ಅನ್ನಬೇಕಿತ್ತು. ಬನ್ನಿ ಅಂತಿದ್ದೆ. ಅದಕ್ಕೆ ನನ್ನ ಕಣ್ಣನ್ನ ಯಾಕೆ ಜೇಬಲ್ಲಿ ಇಟ್ಕೊಂಡ್ರಿ?"

ಅತ್ತೆ ಉತ್ತರಕ್ಕೆ ಕಾಯಲಿಲ್ಲ. ಒಳಗೆ ಹೋಗಿ ಪಾತ್ರೆ ಸದ್ದು ಮಾಡತೊಡಗಿದರು. ಅವನು ಚಪ್ಪಲಿ ಮೆಟ್ಟಿಕೊಂಡು, ಹೋಗಿ ಬರ್ತೀನಿ ಎಂದ. ಹೂಂ ಎಂಬ ಸದ್ದು ಬಂದಿರಬಹುದು, ಬರದಿರಬಹುದು. ಬಸ್ಸಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಕಾದ.

ಮುಂದಿನ ಭಾನುವಾರ ಅವನು ಹೋಗಲಿಲ್ಲ. ಅದರ ಮುಂದಿನದೂ ಹೋಗಲಿಲ್ಲ. ಹೋಗಲು ನೆಪ ಉಳಿದಿರಲಿಲ್ಲ, ನೆಪವಿಲ್ಲದೆ ಹೋಗುವ ಮುಖವೂ ಉಳಿದಿರಲಿಲ್ಲ. ಬಟ್ಟೆ ಒಗೆದ, ಕೋಣೆ ಗುಡಿಸಿದ, ಬಿಚ್ಚಿಟ್ಟಿದ್ದ ಒಂದು ಯಂತ್ರವನ್ನು ಜೋಡಿಸಿ ಮತ್ತೆ ಬಿಚ್ಚಿದ. ಒಮ್ಮೆ ತನ್ನ ಕಂಪ್ಯೂಟರಿನಲ್ಲಿದ್ದ ಅದೇ ದನಿಯನ್ನು ಓಡಿಸಿ ನೋಡಿದ. ಅದು ನೆಟ್ಟಗೆ ಓದಿತು. ಸ್ವಲ್ಪ ಹೊತ್ತು ಕೇಳಿ ಆರಿಸಿದ.

ಕಾದಂಬರಿಯ ಕೊನೆಯ ಅಧ್ಯಾಯಗಳು ಅವನಿಗೆ ಗೊತ್ತಾಗಲಿಲ್ಲ. ಪುಸ್ತಕ ಇದ್ದದ್ದು ಅಲ್ಲಿ.

ಕೆಲವು ವಾರಗಳ ಮೇಲೆ, ಕಚೇರಿಯಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಮಾತಾಡಿದವನು ಅತ್ತೆಯ ಮನೆಯ ಸಾಲಿನಲ್ಲೇ ಇರುವ ಮುದುಕ, ಅದೇ ಮುದ್ರಣಾಲಯದಲ್ಲಿ ಅಚ್ಚಿನ ಯಂತ್ರ ಓಡಿಸುತ್ತಿದ್ದವನು. ಅವನ ಹೆಂಡತಿ ಹಾಸಿಗೆ ಹಿಡಿದಿದ್ದಾಳಂತೆ, ಹೊತ್ತು ಹೋಗುವುದಿಲ್ಲವಂತೆ. ಅವರ ಮನೆಯಲ್ಲೂ ಮುದ್ರಣಾಲಯದ್ದೇ ಕಂಪ್ಯೂಟರ್, ಅತ್ತೆಯದರ ಜೋಡಿ.

"ನಿಮ್ಮ ಪೆನ್‌ಡ್ರೈವ್ ಇಲ್ಲೇ ಬಿಟ್ಟು ಹೋಗಿದ್ರಲ್ಲ, ಅದರಲ್ಲಿದ್ದ ಕಟ್ಟುಗಳನ್ನೇ ನಮ್ಮದಕ್ಕೂ ಹಾಕಿದ್ವಿ" ಎಂದ ಮುದುಕ. "ಕರಡು ತಿದ್ದೋ ನಮ್ಮ ಅಕ್ಕನೇ ನನ್ನ ಪಕ್ಕ ಕೂತು ಒಂದೊಂದೇ ಅಕ್ಷರ ಹೇಳ್ತಾ ಹೋದ್ರು, ನಾನು ಒತ್ತಿದೆ. ಅಷ್ಟೂ ಅವರಿಗೆ ಬಾಯಿಗೇ ಬರುತ್ತೆ. ಒಂದೇ ಸಲಕ್ಕೆ ಮಾತಾಡಿಬಿಡ್ತು."

ಒಳ್ಳೇದಾಯ್ತು ಎಂದ ಕೇಬಲ್. ನಿಜವಾಗಿಯೂ ಒಳ್ಳೆಯದೆನ್ನಿಸಿತು. ಒಂದು ಸಲ ಇಳಿಸಿಕೊಂಡದ್ದು ಎಷ್ಟು ಮನೆಗಾದರೂ ಆಗುತ್ತದೆ, ತಂದವನು ಜೊತೆಗಿರಲೇಬೇಕೆಂದೇನಿಲ್ಲ. ಫೋನು ಇಡುವ ಮುಂಚೆ ಧೈರ್ಯ ಮಾಡಿ, ಅತ್ತೆ ಏನಾದರೂ ಹೇಳಿದರಾ ಎಂದು ಕೇಳಿದ.

"ಪೆನ್‌ಡ್ರೈವ್ ವಾಪಸ್ ಬೇಕಾ ಅಂತ ಕೇಳು ಅಂದ್ರು."

ಅಂಥ ಪೆನ್‌ಡ್ರೈವ್‌ಗಳು ಅವನ ಮೇಜಿನ ಖಾನೆಯಲ್ಲಿ ಹಿಡಿಗಟ್ಟಲೆ ಇದ್ದವು. "ಬೇಕು. ನಾನೇ ಬಂದು ತಗೋತೀನಿ ಅಂತ ಹೇಳಿ" ಎಂದ.

ಭಾನುವಾರ ಸಾಲುಮನೆಗಳ ಬೀದಿಗೆ ತಿರುಗುವಾಗಲೇ ಆ ಮೂಗುದನಿ ಕೇಳಿಸಿತು. ಅತ್ತೆ ಅದರ ವೇಗ ಏರಿಸಿದ್ದರು. ಹೊಸಬರಿಗೆ ಒಂದಕ್ಷರ ತಿಳಿಯದಷ್ಟು ಬಿರುಸು. ಅವನು ಬಾಗಿಲಲ್ಲಿ ನಿಂತು, ನಾನು ಎಂದ. ಅತ್ತೆ ದನಿ ನಿಲ್ಲಿಸಲಿಲ್ಲ. ಪಕ್ಕದ ಕುರ್ಚಿಯ ಕಡೆ ಕೈ ತೋರಿಸಿದರು. ಅವನು ಕೂತ. ಅಧ್ಯಾಯ ಮುಗಿಯುವ ತನಕ ಇಬ್ಬರೂ ಕೇಳಿದರು. ಅದು ಬೇರೆ ಪುಸ್ತಕ. ಅವನಿಗೆ ತಲೆಬುಡ ಗೊತ್ತಾಗಲಿಲ್ಲ.

"ಆ ಕಾದಂಬರಿ ಏನಾಯ್ತು ಕೊನೇಲಿ?" ಎಂದು ಕೇಳಿದ ಆಮೇಲೆ.

ಅತ್ತೆ ಹೇಳಿದರು. ಕತೆಯ ಮುದುಕ, ಅವನ ಹೆಂಡತಿ ಇಬ್ಬರೂ ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡುತ್ತಾರಂತೆ. ನೀವು ಓದಿದ್ದರೆ ಆ ಜಾಗದಲ್ಲಿ ನಗು ಬರುತ್ತಿತ್ತೋ ಏನೋ, ಈ ಯಂತ್ರ ಓದಿದ ಮೇಲೆ ಎರಡು ದಿನ ಊಟ ಸೇರಲಿಲ್ಲ ಎಂದರು. ಅವನು ಸಣ್ಣಗೆ ನಕ್ಕ. ಅತ್ತೆ ಚಹಾ ಕೊಟ್ಟರು. ಪೆನ್‌ಡ್ರೈವ್ ಕಪಾಟಿನ ಮೇಲಿದೆ ಎಂದರು. ಅವನು ಅದನ್ನು ತೆಗೆದುಕೊಂಡ.

ಅಂದಿನಿಂದ ಅವನು ತಿಂಗಳಿಗೊಮ್ಮೆ ಹೋಗುತ್ತಾನೆ. ಅತ್ತೆ ಬೇಡ ಎಂದದ್ದಿಲ್ಲ. ಜೇಬಿನ ವಿಷಯ ಮತ್ತೆ ಎತ್ತಲೂ ಇಲ್ಲ. ಆದರೆ ಓದಿ ಎಂದು ಅವರು ಮತ್ತೆಂದೂ ಕೇಳಲಿಲ್ಲ, ಓದಲಾ ಎಂದು ಕೇಳುವ ಧೈರ್ಯ ಅವನಿಗೂ ಬರಲಿಲ್ಲ. ಆ ಬಿರುಸಿನ ದನಿಗೆ ಅವನ ಕಿವಿ ಈಗ ಅಷ್ಟಿಷ್ಟು ಪಳಗಿದೆ.

ಹೋದ ಸಲ ಹೊರಡುವಾಗ ಅತ್ತೆ ಬಾಗಿಲ ತನಕ ಬಂದರು.

"ಮುಂದಿನ ತಿಂಗಳು ಮಗಳು ಬರ್ತಿದ್ದಾಳೆ. ಅವಳ ಮನೆಯವರೂ ಬರ್ತಾರೆ. ಸ್ವಲ್ಪ ದಿನ ಇರ್ತಾರೆ."

"ಹಾಗಾದ್ರೆ ಅದರ ಮುಂದಿನ ತಿಂಗಳು ಬರ್ತೀನಿ."

"ಹೂಂ. ಹಾಗೆ ಮಾಡಿ" ಎಂದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟುಕೊಂಡ. ಊರು ಮುಟ್ಟುವ ತನಕ ಅದನ್ನು ತೆಗೆಯಿರಿ ಎಂದು ಯಾರೂ ಹೇಳಲಿಲ್ಲ.